ಗೋಡೆಯ ಆಟ, ಅಂಗೈಯ ಆಟ

ಟೆಲಿವಿಷನ್ನಿಗೆ ಜೋಡಿಸಿ ಆಡತಕ್ಕ ಯಂತ್ರಗಳನ್ನು ಮಾಡುವ ಕಂಪೆನಿಗಳು ಅಂಗೈಯಲ್ಲಿ ಹಿಡಿದು ಆಡುವ ಯಂತ್ರಗಳ ವ್ಯಾಪಾರಕ್ಕೂ ಇಳಿಯಬೇಕೆ, ಬೇಡವೆ ಎಂಬ ಚರ್ಚೆಯು ಬಹುಕಾಲದ್ದು. 2025ನೆಯ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ಎಕ್ಸ್‌ಬಾಕ್ಸ್ ಎಂಬ ಹೆಸರನ್ನು ಹೊತ್ತು, ಏಸಸ್ ಕಂಪೆನಿಯವರು ತಯಾರಿಸಿದ ಕೈಯಂತ್ರವೊಂದು ಹೊರಬಂದುದರಿಂದ ಅದು ಮತ್ತೆ ಎದ್ದಿತು. ಇದು ವರ್ತಕರ ಮಾತು, ಗೃಹಸ್ಥರಿಗೇನು ಎಂದು ವಾಚಕರು ಕೇಳಬಹುದು. ಅವರು ಮಾಡಿದುದನ್ನು ಕೊಂಡು ಮಕ್ಕಳ ಕೈಗೆ ಕೊಡತಕ್ಕವರು ನಾವೇ ಆದುದರಿಂದ, ಆ ಲೆಕ್ಕವನ್ನು ನಾವೂ ಒಮ್ಮೆ ಹಾಕಿ ನೋಡುವುದು ಉಚಿತವಾಗಿದೆ.

1989ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿಯು ಗೇಮ್ ಬಾಯ್ ಎಂಬ ಯಂತ್ರವನ್ನು ಹೊರಡಿಸಿತು. ಅದಕ್ಕೆ ಬಣ್ಣವಿರಲಿಲ್ಲ, ಆದರೆ ನಾಲ್ಕು ಸೆಲ್‌ಗಳಲ್ಲಿ ಬಹಳ ಹೊತ್ತು ನಡೆಯುತ್ತಿತ್ತು. ಮರುವರ್ಷ ಸೆಗಾ ಕಂಪೆನಿಯವರು ತಂದ ಗೇಮ್ ಗಿಯರ್‌ನಲ್ಲಿ ಬಣ್ಣವೇನೋ ಇತ್ತು. ಆರು ಸೆಲ್‌ಗಳು ಕೆಲವೇ ಗಂಟೆಗಳಲ್ಲಿ ಬರಿದಾಗುತ್ತಿದ್ದವು. ಜನರು ಮೊದಲನೆಯದನ್ನೇ ಮೆಚ್ಚಿದರು. ಅಂಗೈಯ ಯಂತ್ರವೆಂದರೆ ಮನೆಯ ಯಂತ್ರದ ಮರಿಯಲ್ಲ, ಅದರ ಧರ್ಮವೇ ಬೇರೆ ಎಂಬುದು ಇದರಿಂದ ತಿಳಿಯುತ್ತದೆ.

ಸೋನಿ ಕಂಪೆನಿಯು 2004ರಲ್ಲಿ ಈ ಕ್ಷೇತ್ರಕ್ಕೆ ಬಂದು ಚೆನ್ನಾಗಿಯೇ ಗೆದ್ದಿತು. 2011ರಲ್ಲಿ ತಂದ ವೀಟಾ ಎಂಬ ಎರಡನೆಯ ಯಂತ್ರವು ಸಮರ್ಥವಾಗಿದ್ದರೂ, ಅದಕ್ಕೆಂದೇ ಮಾಡಿದ ಮೆಮೊರಿ ಕಾರ್ಡುಗಳ ಬೆಲೆ ಹೆಚ್ಚು. ಜನರ ಜೇಬಿಗೆ ಮೊಬೈಲ್ ಫೋನು ಅಷ್ಟರಲ್ಲಿ ಬಂದಿತ್ತು. 2019ರಲ್ಲಿ ಅದರ ತಯಾರಿಕೆ ನಿಂತಿತು. ಎರಡು ಅಂಗಡಿಗಳನ್ನಿಟ್ಟು ಎರಡಕ್ಕೂ ಬೇರೆಬೇರೆ ಸರಕನ್ನು ತುಂಬಹೊರಟವನಿಗೆ ಒಂದಾದರೂ ಬಡವಾಗದೆ ಇರದು. ನಿಂಟೆಂಡೊ 2017ರಲ್ಲಿ ಹೊರಡಿಸಿದ ಸ್ವಿಚ್ ಈ ತೊಡಕನ್ನು ಬಿಡಿಸಿತು. ಮನೆಯಲ್ಲಿ ಟೆಲಿವಿಷನ್ನಿಗೆ, ಹೊರಗೆ ಕೈಗೆ. ಯಂತ್ರ ಒಂದೇ, ಕೊಂಡ ಆಟವೂ ಒಂದೇ. 15 ಕೋಟಿಗೂ ಮೇಲೆ ಅದು ಮಾರಾಟವಾಗಿದೆ.

ಮೈಸೂರಿನವರಿಗೆ ಈ ವಿಚಾರವು ತೀರ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರವರು ಅನೇಕ ಆಟಗಳನ್ನು ಕಲ್ಪಿಸಿದರಷ್ಟೆ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಹಾಸುಗಳ ಚಿತ್ರಗಳುಂಟು. ಶ್ರೀತತ್ತ್ವನಿಧಿಯಲ್ಲಿ ಎಲೆಯಾಟಗಳ ವಿವರವುಂಟು. ಗೋಡೆ ಇದ್ದಲ್ಲಿಯೇ ಇರುವುದು. ಗಂಜೀಫದ ಎಲೆ ಅಂಗೈಯಲ್ಲಿ ಊರೂರಿಗೆ ಹೋಗುವುದು. ನಿಂಟೆಂಡೊ ಕಂಪೆನಿಯೂ 1889ರಲ್ಲಿ ಕ್ಯೋಟೊ ನಗರದಲ್ಲಿ ಮೊದಲಿಗೆ ಮಾಡಿ ಮಾರಿದ್ದು ಕೈಯಲ್ಲಿ ಹಿಡಿಯುವ ಆಟದ ಎಲೆಗಳನ್ನೇ.

ಆದರೆ ದಶಾವತಾರ ಗಂಜೀಫದ 120 ಎಲೆಗಳನ್ನು ಒಬ್ಬನೇ ಹಿಡಿದು ಕುಳಿತರೆ ಆಟವಾಗದು. ಎದುರಿಗೆ ಜೊತೆಗಾರರು ಬೇಕು. ಅಂಗೈಯ ಯಂತ್ರದ ನಿಜವಾದ ಅಪಾಯವು ಇಲ್ಲಿದೆ. ಗೋಡೆಯ ಪರದೆಯಲ್ಲಿ ಮಗು ಏನಾಡುತ್ತಿದೆಯೆಂಬುದನ್ನು ಅಡಿಗೆಮನೆಯಿಂದ ಬರುವ ತಾಯಿಯೂ ಕಾಣುವಳು, ಅಜ್ಜನೂ ಕಾಣುವನು. ಅಂಗೈಯ ಪರದೆಯನ್ನು ಮಗುವೊಂದೇ ಕಾಣುವುದು. ಮನೆ ತುಂಬ ಜನರಿದ್ದರೂ ಅದು ಒಂಟಿ. ಈ ದೋಷವು ಯಂತ್ರದ ಗಾತ್ರಕ್ಕೆ ಸೇರಿದುದಲ್ಲ. ಗೇಮ್ ಬಾಯ್‌ನ ಎರಡು ಯಂತ್ರಗಳನ್ನು ತಂತಿಯಿಂದ ಕೂಡಿಸಿ ಇಬ್ಬರು ಆಡಬಹುದಾಗಿತ್ತು. ಸ್ವಿಚ್‌ನ ಹಿಡಿಗಳನ್ನು ಬಿಡಿಸಿ ಇಬ್ಬರಿಗೆ ಹಂಚಬಹುದು.

ಆದುದರಿಂದ ನಮ್ಮ ಅಭಿಪ್ರಾಯವಿದು. ಒಮ್ಮೆ ಕೊಂಡ ಆಟವು ಮನೆಯಲ್ಲಿಯೂ ಹೊರಗೂ ನಡೆಯುವಂತೆ, ಜೊತೆಗೂಡಿ ಆಡಲು ಎಡೆಯಿರುವಂತೆ ಮಾಡಬಲ್ಲ ಕಂಪೆನಿಯು ಧಾರಾಳವಾಗಿ ಇಳಿಯಲಿ. ಅದಾಗದಿದ್ದರೆ ಸುಮ್ಮನಿರುವುದೇ ಅದಕ್ಕೂ ಲಾಭ, ನಮಗೂ ಕ್ಷೇಮ. ಅಂಗಡಿಗೆ ಹೋಗುವ ಗೃಹಸ್ಥರು ಬೆಲೆ ಕೇಳುವುದಕ್ಕೆ ಮುಂಚೆ, ಇದನ್ನು ಇಬ್ಬರು ಆಡಬಹುದೆ ಎಂದು ಕೇಳತಕ್ಕದ್ದು. ಆಡಬಹುದೆಂದರೆ, ಆ ಎರಡನೆಯವರು ತಾವೇ ಆಗುವುದಕ್ಕೆ ಸಂಜೆ ಅರ್ಧ ಗಂಟೆಯನ್ನು ಎತ್ತಿಡತಕ್ಕದ್ದು.