ಮತ್ತೊಂದು ವೀಡಿಯೊ ಕರೆ ತಂತ್ರಾಂಶ: ವರ್ತಕರ ಲೆಕ್ಕವೇನು?

ಗೂಗಲ್ ಸಂಸ್ಥೆಯು 2016ರ ಆಗಸ್ಟ್‌ನಲ್ಲಿ ‘ಡ್ಯುಯೊ’ ಎಂಬ ವೀಡಿಯೊ ಕರೆ ತಂತ್ರಾಂಶವನ್ನು ಬಿಡುಗಡೆ ಮಾಡಿದಾಗ ಸ್ಕೈಪ್, ಫೇಸ್‌ಟೈಮ್‌ಗಳು ಆಗಲೇ ನೆಲೆಯೂರಿದ್ದವು. ಗೂಗಲ್‌ನದೇ ‘ಹ್ಯಾಂಗೌಟ್ಸ್’ ಕೂಡ ಇತ್ತು. ಕರೆ ಸ್ವೀಕರಿಸುವ ಮೊದಲೇ ಕರೆದವರ ಮುಖ ತೋರುವ ಸೌಲಭ್ಯವನ್ನು ಬಿಟ್ಟರೆ ಹೊಸತು ಹೆಚ್ಚೇನಿರಲಿಲ್ಲ. ಮೂರು ತಿಂಗಳಲ್ಲಿ ವಾಟ್ಸ್‌ಆ್ಯಪ್ ಸಹ ಅದೇ ಸೇವೆಯನ್ನು ಆರಂಭಿಸಿತು. 2022ರಲ್ಲಿ ಡ್ಯುಯೊ ‘ಮೀಟ್’ನಲ್ಲಿ ವಿಲೀನವಾಯಿತು. ಮೈಕ್ರೋಸಾಫ್ಟ್ 2011ರಲ್ಲಿ 850 ಕೋಟಿ ಡಾಲರಿಗೆ ಕೊಂಡಿದ್ದ ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು.

ದೈತ್ಯ ಸಂಸ್ಥೆಗಳಿಗೆ ಇದು ಒಂದು ಬಾಬಿನ ನಷ್ಟ, ಅಷ್ಟೆ. ಸರಕಿನ ಮಾದರಿಯನ್ನು ಪರದೆಯ ಮೇಲೆ ತೋರಿಸಿ ಆರ್ಡರು ಪಡೆಯುವ ಸಣ್ಣ ಉದ್ಯಮಿಗಾದರೋ ಗ್ರಾಹಕರ ಸಂಪರ್ಕವೇ ಬಂಡವಾಳ. ಬಾಡಿಗೆಯಿಲ್ಲದ ಈ ಮಳಿಗೆಗೆ ಕರಾರುಪತ್ರವೂ ಇಲ್ಲ. ಆದುದರಿಂದ ದರ, ಅಳತೆ, ಸರಬರಾಜಿನ ದಿನಾಂಕಗಳನ್ನು ಕರೆ ಮುಗಿದೊಡನೆ ಲಿಖಿತವಾಗಿ ದೃಢಪಡಿಸಿಕೊಂಡು, ಗ್ರಾಹಕರ ಪಟ್ಟಿಯನ್ನು ತಮ್ಮ ಕಡತದಲ್ಲಿಯೇ ಇರಿಸಿಕೊಳ್ಳುವುದು ಒಳಿತು.