ಬಂಗಲೆಯ ಬೆಂಕಿ, ಶಾಲೆಯ ಹಸಿವು

ವಿದ್ಯಾಸಂಸ್ಥೆಯೊಂದರ ಸ್ಮರಣಸಂಚಿಕೆಯಲ್ಲಿ ಚಲನಚಿತ್ರದ ಪ್ರಸ್ತಾಪವೇಕೆಂದು ಹಿರಿಯರು ಹುಬ್ಬೇರಿಸಬಹುದು. ಆದರೆ ನಾನು ಹೇಳಹೊರಟಿರುವ ಕಾದಂಬರಿಯ ಬೇರು ಒಂದು ಶಾಲೆಯಲ್ಲಿಯೇ ಇದೆ.

ಷಾರ್ಲಟ್ ಬ್ರಾಂಟೆ ಗುಪ್ತನಾಮದಿಂದ 1847ರಲ್ಲಿ ಪ್ರಕಟಿಸಿದ ‘ಜೇನ್ ಏರ್’ ರಹಸ್ಯ, ಭಯ, ಅನುರಾಗಗಳು ಹೆಣೆದುಕೊಂಡ ಗಾಥಿಕ್ ಪರಂಪರೆಯ ಕೃತಿ. ಅನಾಥ ಬಾಲೆ ಜೇನ್ ಲೋವುಡ್ ಎಂಬ ಧರ್ಮಾರ್ಥ ಶಾಲೆಯಲ್ಲಿ ಓದಿ, ಅಲ್ಲಿಯೇ ಉಪಾಧ್ಯಾಯಿನಿಯಾಗಿ, ಬಳಿಕ ಥಾರ್ನ್‌ಫೀಲ್ಡ್ ಬಂಗಲೆಗೆ ಪಾಠ ಹೇಳಲು ಹೋಗುತ್ತಾಳೆ. ಯಜಮಾನ ರೋಚೆಸ್ಟರನಿಗೆ ಮನಸೋಲುತ್ತಾಳೆ. ಬುದ್ಧಿಭ್ರಮಣೆಗೊಳಗಾದ ಅವನ ಪತ್ನಿ ಮೇಲ್ಮಹಡಿಯಲ್ಲಿ ಬಂಧಿಯಾಗಿರುವಳೆಂಬುದು ವಿವಾಹದ ದಿನವೇ ಬಯಲಾಗುತ್ತದೆ.

ಇಂತಹ ಕಥೆಯನ್ನು ಚಿತ್ರರಂಗ ಬಿಟ್ಟೀತೆ? ಹಿಂದಿಯಲ್ಲಿ 1952ರಲ್ಲಿ ‘ಸಂಗ್‌ದಿಲ್’ ಬಂದಿತು. ಕನ್ನಡದಲ್ಲಿ ಕಲ್ಯಾಣ್ ಕುಮಾರ್, ಚಂದ್ರಕಲಾ ಅಭಿನಯದ ‘ಬೇಡಿ ಬಂದವಳು’ 1968ರಲ್ಲಿ ತೆರೆಕಂಡಿತು. ಮರುವರ್ಷ ಅದೇ ತಮಿಳಿನಲ್ಲಿ ‘ಶಾಂತಿ ನಿಲಯಂ’ ಆಯಿತು. ತಮಿಳು ಚಿತ್ರದ ಛಾಯಾಗ್ರಹಣಕ್ಕಾಗಿ ಮಾರ್ಕಸ್ ಬಾರ್ಟ್ಲೆ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು.

ರೂಪಾಂತರವನ್ನು ನಾನು ಆಕ್ಷೇಪಿಸುವುದಿಲ್ಲ. ಬಿ.ಎಂ.ಶ್ರೀ. ಅವರು ಗ್ರೀಕರ ಏಜಾಕ್ಸನನ್ನು ‘ಅಶ್ವತ್ಥಾಮನ್’ ಆಗಿಸಿದರು. ಮಾಲೂರು ಸೀಮೆಯ ಮಾಸ್ತಿಯವರು ಲಿಯರ್ ಮಹಾರಾಜನನ್ನು ಕನ್ನಡಕ್ಕೆ ಕರೆತಂದರು. ಹೆಸರು, ವೇಷ, ಊರು ಬದಲಾಗಲಿ. ಕೃತಿಯ ಬೆನ್ನೆಲುಬು ಮುರಿಯಬಾರದು. ಇಲ್ಲಿ ಆ ಬೆನ್ನೆಲುಬು ಬಂಗಲೆಯ ರಹಸ್ಯವಲ್ಲ. ಶಾಲೆಯಲ್ಲಿ ಹಸಿದು, ಓದಿ, ತಲೆಯೆತ್ತಿ ನಿಂತ ಹೆಣ್ಣಿನ ಸ್ವಾಭಿಮಾನ. ಶ್ರೀಮಂತ ಯಜಮಾನನೆದುರು ಅವಳು ಸಮಾನಳಾಗಿ ಮಾತನಾಡುವ ಧೈರ್ಯ ಎಲ್ಲಿಂದ ಬಂದಿತೆಂಬುದನ್ನು ತೋರಿಸದಿದ್ದರೆ, ಉಳಿಯುವುದು ಬರಿಯ ಪ್ರಣಯ ಮತ್ತು ಬೆಂಕಿ.

ಲೋವುಡ್ಡಿನ ಅಧ್ಯಾಯಗಳನ್ನು ಓದಿದವರು ಮರೆಯಲಾರರು. ಸೀದುಹೋದ ಗಂಜಿ, ಹೆಪ್ಪುಗಟ್ಟಿದ ನೀರು, ತನ್ನ ಹೆಣ್ಣುಮಕ್ಕಳಿಗೆ ಮಕಮಲ್ಲು ಉಡಿಸಿ ಅನಾಥೆಯರಿಗೆ ಮಿತವ್ಯಯ ಬೋಧಿಸುವ ಕೋಶಾಧಿಕಾರಿ. ಜ್ವರ ಹರಡಿದಾಗ ಎಂಬತ್ತು ಬಾಲಕಿಯರಲ್ಲಿ ನಲವತ್ತೈದು ಮಂದಿ ಏಕಕಾಲದಲ್ಲಿ ಹಾಸಿಗೆ ಹಿಡಿಯುತ್ತಾರೆ. ಇದು ಕೇವಲ ಕಲ್ಪನೆಯಲ್ಲ: ಲೇಖಕಿ ಕಲಿತ ಶಾಲೆಯಲ್ಲಿ ರೋಗ ಹತ್ತಿಸಿಕೊಂಡ ಅವಳ ಇಬ್ಬರು ಅಕ್ಕಂದಿರು 1825ರಲ್ಲಿ ತೀರಿಕೊಂಡರು. ಕಾದಂಬರಿಯಲ್ಲಿ ವಿಚಾರಣೆ ನಡೆದು, ದಾನಿಗಳು ಹೊಸ ಕಟ್ಟಡ ಕಟ್ಟಿಸಿ, ಊಟ ಉಡುಪುಗಳನ್ನು ಸುಧಾರಿಸಿ, ಆಡಳಿತವನ್ನು ಒಬ್ಬನ ಕೈಯಲ್ಲಿಯೇ ಬಿಡದೆ ಸಮಿತಿಗೆ ಒಪ್ಪಿಸಿದ ಮೇಲೆ ಅದೇ ಶಾಲೆ ಸಾರ್ಥಕವಾಗುತ್ತದೆ. 1943ರ ಪ್ರಸಿದ್ಧ ಇಂಗ್ಲಿಷ್ ಚಿತ್ರ ಲೋವುಡ್ಡನ್ನು ಉಳಿಸಿಕೊಂಡಿತು. ಜೇನ್ ಮುಂದೆ ಹಳ್ಳಿಯ ಹುಡುಗಿಯರಿಗೆ ಅಕ್ಷರ ಕಲಿಸುವ ಮಾರ್ಟನ್ ಶಾಲೆಯನ್ನು ಕೈಬಿಟ್ಟಿತು.

ಮೇಲ್ಮಹಡಿಯ ಆ ಹೆಂಗಸಿಗೂ ನ್ಯಾಯ ದೊರೆಯಬೇಕು. ಅವಳು ಭಯ ಹುಟ್ಟಿಸುವ ಉಪಕರಣ ಮಾತ್ರವಾದರೆ ಅದು ಕ್ರೌರ್ಯ. ಇದರಲ್ಲಿ ನಮ್ಮವರೇ ದಾರಿ ತೋರಿಸಿದ್ದಾರೆ: ತ್ರಿವೇಣಿಯವರ ‘ಶರಪಂಜರ’ವನ್ನು ತೆರೆಗೆ ತಂದ ಪುಟ್ಟಣ್ಣ ಕಣಗಾಲರು ಮನೋರೋಗಕ್ಕೆ ತುತ್ತಾದ ಕಾವೇರಿಯನ್ನೇ ಕಥೆಯ ನಡುವೆ ನಿಲ್ಲಿಸಿದರು.

ನಮ್ಮ ಜಿಲ್ಲೆಯಲ್ಲಿ ಈ ಕಥೆಗೆ ನೆಲೆಯಿಲ್ಲದಿಲ್ಲ. ಗಣಿಗಾರಿಕೆ 2001ರಲ್ಲಿ ನಿಂತುಹೋದ ಚಿನ್ನದ ಗಣಿಗಳ ಊರಿನಲ್ಲಿ ಆಂಗ್ಲ ಅಧಿಕಾರಿಗಳ ಬಂಗಲೆಗಳಿದ್ದವು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತ ಮುಳಬಾಗಿಲು ಇಲ್ಲವೆ ಶ್ರೀನಿವಾಸಪುರದ ಬಡಹುಡುಗಿಯೊಬ್ಬಳು ಅಲ್ಲಿಗೆ ಪಾಠ ಹೇಳಲು ಹೋದಳೆಂದು ಕಲ್ಪಿಸುವುದು ಕಷ್ಟವೆ? ಆದರೆ ಆ ಚಿತ್ರ ಪ್ರಾರಂಭವಾಗಬೇಕಾದುದು ಬಂಗಲೆಯ ಬಾಗಿಲಿನಲ್ಲಲ್ಲ. ವಿದ್ಯಾರ್ಥಿನಿಲಯದ ಊಟದ ಪಂಕ್ತಿಯಲ್ಲಿ.

ಕಡೆಯಲ್ಲಿ ಜೇನ್ ತನಗೆ ಬಂದ ಇಪ್ಪತ್ತು ಸಾವಿರ ಪೌಂಡುಗಳನ್ನು ನಾಲ್ವರಲ್ಲಿ ಸಮನಾಗಿ ಹಂಚಿಕೊಳ್ಳುತ್ತಾಳೆ. ಹಸಿವನ್ನು ಕಂಡವಳಿಗೆ ಹಂಚಿಕೊಳ್ಳುವುದು ತಿಳಿದಿತ್ತು. ಚಿತ್ರ ತೆಗೆಯುವವರು ಇದನ್ನು ಮರೆಯದಿರಲಿ. ಪ್ರಸಾದನಿಲಯಗಳನ್ನು ನಡೆಸುವ ನಾವೂ ಕಟ್ಟಡದ ಅಂದವನ್ನು ನೋಡುವ ಮೊದಲು ಮಕ್ಕಳ ತಟ್ಟೆಯನ್ನು ನೋಡೋಣ.