ಅಜ್ಜಿಗೂ ಒಂದು ಪಾಳಿ ಬೇಕು

"ಅರವತ್ತಕ್ಕೆ ಅರಳು ಮರಳು" ಎಂದು ಗಾದೆ ಹೇಳಿ ನಗುತ್ತೇವೆ. ನಾನೂ ನಗ್ತಿದ್ದೆ. ಈಗ ನಗು ಬರುವುದಿಲ್ಲ.

ನಮ್ಮಜ್ಜಿ ಈಗ ತಾನೆ ಉಂಡ ಮುದ್ದೆ ಮರೆತು, "ನಂಗೆ ಇಟ್ಟೇ ಇಕ್ಕಿಲ್ಲ" ಅಂತ ಬೀದಿಯಲ್ಲಿ ಹೇಳ್ತದೆ. ಕೇಳಿದವರು ಅಮ್ಮನನ್ನು ಬಯ್ಯುತ್ತಾರೆ. ಸಂಜೆಯಾದರೆ "ನಮ್ಮವ್ವ ಕಾಯ್ತಾವ್ಳೆ" ಅಂತ ಪಾವಗಡದ ಕಡೆಯ ತವರಿಗೆ ಹೊರಡ್ತದೆ.

ಅಮ್ಮ ಐದಕ್ಕೆ ಎದ್ದು, ಅಜ್ಜಿಗೆ ನೀರು ಹುಯ್ದು, ನಮಗೆ ಬುತ್ತಿ ಕಟ್ಟಿ, ಏಳರ ಬಸ್ಸಿಗೆ ಮಧುಗಿರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಬೇಕು. ರಾತ್ರಿ ಅಜ್ಜಿಗೆ ನಿದ್ದೆಯಿಲ್ಲ, ಅದಕ್ಕೆ ಅಮ್ಮನಿಗೂ ಇಲ್ಲ. ಹೋದ ತಿಂಗಳು ಮನೆಯಲ್ಲಿ ಮಾತು ಬಂತು: ಅಮ್ಮ ಕೆಲಸ ಬಿಡಬೇಕು, ಇಲ್ಲವೇ ಅಕ್ಕ ಕಾಲೇಜು ಬಿಡಬೇಕು. ಅಪ್ಪನ ಹೆಸರು ಬರಲಿಲ್ಲ. ನಾನು ಗಂಡು ಹುಡುಗ, ನನ್ನ ಹೆಸರೂ ಬರಲಿಲ್ಲ. ಅಜ್ಜಿ ಹೆತ್ತದ್ದು ಅಪ್ಪನನ್ನು ತಾನೆ?

ಇದು ಬರೀ ಮುಪ್ಪಲ್ಲ, ಡಿಮೆನ್ಷಿಯಾ ಎಂಬ ಮಿದುಳಿನ ಕಾಯಿಲೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಇದಿದೆ. ಪೇಟೆಗಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹೆಚ್ಚಿನವರಿಗೆ ವಾಸಿಯಾಗುವುದಿಲ್ಲ. ಆದರೆ ಥೈರಾಯ್ಡ್ ತೊಂದರೆಯಿಂದ, ಬಿ12 ಜೀವಸತ್ವ ಕಡಿಮೆಯಾದರೂ ಮರೆವು ಬರಬಹುದು, ಅದಕ್ಕೆ ಔಷಧಿ ಉಂಟು. ಆದ್ದರಿಂದ ತಾಯತ ಕಟ್ಟಿಸಿ ಕೂರದೆ ಮೊದಲು ಡಾಕ್ಟರಿಗೆ ತೋರಿಸಬೇಕು. ಹಿರಿಯರ ಸಹಾಯವಾಣಿ 14567ಕ್ಕೂ ಫೋನ್ ಮಾಡಿ ಕೇಳಬಹುದು.

ಹೊಲಕ್ಕೆ ನೀರು ಕಟ್ಟಲು ಪಾಳಿ ಹಾಕಿಕೊಳ್ಳುತ್ತೇವೆ. ಅಜ್ಜಿಯನ್ನು ನೋಡಿಕೊಳ್ಳಲು ಯಾಕೆ ಬೇಡ? ಈಗ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ನನ್ನ ಪಾಳಿ. ಮೊದಲು "ನಿಮ್ಮವ್ವ ಸತ್ತು ಎಷ್ಟೋ ವರ್ಷ ಆಯ್ತು" ಅಂದುಬಿಡ್ತಿದ್ದೆ. ಅಜ್ಜಿ ಈಗಲೇ ಸಾವಿನ ಸುದ್ದಿ ಕೇಳಿದಂತೆ ಅಳುತ್ತಿತ್ತು. ಈಗ "ಬಾ ಅಜ್ಜಿ, ಹೋಗಾನ" ಅಂತ ಕೈ ಹಿಡಿದು ಅರಳಿಕಟ್ಟೆ ಸುತ್ತಿಸಿ ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ತವರು ಮರೆತಿರ್ತದೆ. ಸೆರಗಿಗೆ ನಮ್ಮೂರ ಹೆಸರು, ಫೋನ್ ನಂಬರ್ ಬರೆದ ಚೀಟಿ ಪಿನ್ ಮಾಡಿದ್ದೇವೆ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ನಗಬೇಡಿ, ಒಂದು ಪಾಳಿ ಕೇಳಿ ಪಡೆಯಿರಿ. ಹುಡುಗರಿಗೇ ಮುಖ್ಯವಾಗಿ ಹೇಳುತ್ತಿದ್ದೇನೆ.

ರಾತ್ರಿ ಪಾಳಿಗೆ ಅಪ್ಪ ಇನ್ನೂ ಒಪ್ಪಿಲ್ಲ. ಕೇಳ್ತಾನೇ ಇದ್ದೀನಿ. ಅಕ್ಕ ಮಾತ್ರ ಕಾಲೇಜಿಗೆ ಹೋಗ್ತಿದ್ದಾಳೆ.

– ಒಬ್ಬ ವಿದ್ಯಾರ್ಥಿ, 9ನೇ ತರಗತಿ